ತೋಳು ಬಾಕಿ ಇದೆ

ಮಗರಾಯನಿಗೆ,

ಫೋನಿನಲ್ಲಿದ್ದ ನನ್ನ ಹೊಲಿಗೆ ಪೇಜನ್ನು ನನ್ನನ್ನೊಂದು ಮಾತೂ ಕೇಳದೆ ಮುಚ್ಚಿಬಿಟ್ಟೆಯಲ್ಲ, ಎಷ್ಟು ಕೊಬ್ಬು ನಿನಗೆ! ಅಮ್ಮ ಹರಕು ಬಟ್ಟೆ ಹೊಲಿಯೋದನ್ನ ಊರೆಲ್ಲ ನೋಡಿದರೆ ಆಫೀಸಿನಲ್ಲಿ ನಿನ್ನ ಮಾನ ಹೋಗುತ್ತಾ? ಅಲ್ಲೊಬ್ಬಳು ತೀರಿಹೋದ ಗಂಡನ ಶರ್ಟನ್ನು ನನ್ನ ವಿಡಿಯೊ ನೋಡ್ಕೊಂಡು ಹೊಲೀತಿದ್ದಳು. ಕಾಲರ್ ಮುಗಿದಿತ್ತು, ತೋಳು ಬಾಕಿ ಇದೆ.

ಗುರುತು ಪರಿಚಯ ಇಲ್ಲದವರ ಸಹವಾಸ ಯಾಕೆ ಅಂತೀಯ. ನಿಮ್ಮಪ್ಪ ಹೋದಾಗ ನೀನು ಅವರ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟೆ. ಒಂದಾದರೂ ಬೇಕಾ ಅಂತ ನನ್ನನ್ನು ಕೇಳಲಿಲ್ಲ. ಆ ಗುರುತಿಲ್ಲದವಳು ಕೇಳಿದಳು, "ಅಕ್ಕಾ, ನಿಮ್ಮವರಿಗೆ ಯಾವ ಬಣ್ಣದ ಶರ್ಟ್ ಇಷ್ಟ ಇತ್ತು?" ಅಂತ.

ಭಾನುವಾರ ಬಂದು ಪೇಜ್ ತೆರೆದುಕೊಡು. ಅಲ್ಲಿವರೆಗೆ ನೀನು ಕೊಟ್ಟುಹೋದ ಪ್ಯಾಂಟಿಗೆ ನಾನು ಜಿಪ್ ಹಾಕಲ್ಲ. ಮಾನ ಹೋದರೆ ಹೋಗಲಿ.

ಹರಕು ಬಟ್ಟೆ ಹೊಲಿಯೋ
ನಿನ್ನ ಅಮ್ಮ