ಕಾರ್ಡಿನ ಹಿಂಬದಿ

ಮಾರ್ಚ್ ೧೨, ಗುರುವಾರ

ಪ್ರತಿ ಗುರುವಾರ ಕೌನ್ಸೆಲಿಂಗ್‌ಗೆ ಬರುವ ಟೈಲರ್ ಅಕ್ಕನ ದನಿ ಕಿವಿ ಬಿಟ್ಟು ಹೋಗುತ್ತಿಲ್ಲ. ಬೆಳಿಗ್ಗೆ ನಮ್ಮ ಕೌನ್ಸೆಲಿಂಗ್ ಕೇಂದ್ರಕ್ಕೆ ಫೋನ್ ಮಾಡಿ, "ಹಾಸಿಗೆಯಿಂದ ಏಳೋಕೇ ಆಗ್ತಿಲ್ಲ ಕಣಮ್ಮಾ, ಇವತ್ತು ಬರಲ್ಲ" ಎಂದರು. ಫೋನ್ ಎತ್ತುವುದು ನನ್ನ ಕೆಲಸ, ಆದರೆ ನನಗೆ ಸ್ವಂತ ಮಾತು ಹೊರಡುವುದೇ ಕಷ್ಟ. ಕೌನ್ಸೆಲರ್ ಮೇಡಂ ಹೋದ ವಾರ ಬರೆದುಕೊಟ್ಟ ನಿಯಮದ ಕಾರ್ಡನ್ನು ಫೋನಿನ ಪಕ್ಕ ಗೋಡೆಗೆ ಅಂಟಿಸಿದ್ದೆ. ಅದನ್ನೇ ಓದಿಬಿಟ್ಟೆ: "ಒಂದು ದಿನ ಮೊದಲು ರದ್ದು ಮಾಡದಿದ್ದರೆ ನಿಮ್ಮ ಸಮಯ ಬೇರೆಯವರಿಗೆ ಹೋಗುತ್ತದೆ."

"ಹೋಗ್ಲಿ ಬಿಡಮ್ಮಾ" ಎಂದು ಫೋನ್ ಇಟ್ಟರು.

ನಡೆದದ್ದು ಹೇಳಿದಾಗ ಮೇಡಂ ಬೈಯಲಿಲ್ಲ. "ಹಿಂಬದಿ ಓದ್ಲಿಲ್ವಾ?" ಎಂದು ಉಗುರಿನಿಂದ ಕಾರ್ಡು ಕಿತ್ತರು. ಗೋಂದಿನ ಕಲೆಯ ನಡುವೆ ಅವರ ಅಕ್ಷರ: "ಮೊದಲು ಹೇಗಿದ್ದೀರಿ ಎಂದು ಕೇಳು. ಏಳಲಾಗದವರಿಗೆ ಈ ನಿಯಮವಿಲ್ಲ."

ಬೈದಿದ್ದರೇ ಚೆನ್ನಾಗಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಎಂಬ ನೆಪವೂ ಇಲ್ಲ. ಹೇಗಿದ್ದೀರಿ ಎಂದು ಕೇಳಲು ಯಾವ ಕ್ಲಾಸು ಬೇಕು?

ಸಂಜೆ ಮೂರು ಸಲ ಫೋನ್ ಮಾಡಿದೆ. ಮೂರನೆಯದಕ್ಕೆ ಎತ್ತಿದರು. ಕಾರ್ಡಿನ ಹಿಂಬದಿಯನ್ನು ಕಣ್ಣ ಮುಂದೆ ಹಿಡಿದೆ.

"ನೀನೇ ಏನಮ್ಮಾ? ಯಾಕೆ ಸುಮ್ನಿದೀಯಾ? ಊಟ ಆಯ್ತಾ?"

ಹ್ಞೂಂ ಎಂದೆ. ಆಗಿರಲಿಲ್ಲ, ಈಗಲೂ ಇಲ್ಲ. ಮುಂದಿನ ಗುರುವಾರವೂ ನಿಮ್ಮದೇ ಅಕ್ಕಾ ಎಂದಷ್ಟೇ ಹೇಳಿದೆ. ಆದರೆ ಕೇಳಬೇಕಾದವಳು ನಾನು, ಕೇಳಿದ್ದು ಅವರು.