ಕೊಳಗಟ್ಟದ ಪಾರ್ಕಿನ ಬಡಗಣ ಮೂಲೆ

ಗುಡ್ಡ ಶಕೆ ತೊಂಬತ್ತಾರು, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ

ಕೊಳಗಟ್ಟ ಪಟ್ಟಣದ ಕೋಟೆ ಬಡಾವಣೆಯ ಹಿರಿಯರಿಗೆ ಮಲ್ಲಾಜಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಲು ಹೋಗಬೇಡಿ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದಿಂದ ಬರೆಯುತ್ತಿದ್ದೇನೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಮ್ಮಲ್ಲಿ ಹಿಮ್ಮುಖ ಅಂಚೆ ಎಂಬುದೊಂದಿದೆ; ಆಗಿಹೋದ ಕಾಲಕ್ಕೆ ಕಾಗದ ಒಯ್ಯುತ್ತದೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ. ಬಹಳ ಮಂದಿ ಅದನ್ನು ತೀರಿಕೊಂಡವರಿಗೆ ಬರೆಯುತ್ತಾರೆ. ನಾನೂ ನನ್ನ ಮಗಳು ದೇವೀರಮ್ಮನಿಗೆ ಬರೆಯಬೇಕೆಂದು ಉಳಿಸಿಕೊಂಡಿದ್ದೆ. ಅದನ್ನು ನಿಮಗೆ ಖರ್ಚು ಮಾಡುತ್ತಿರುವುದು ನಿಮ್ಮ ಮೇಲೆ ಪ್ರೀತಿ ಉಕ್ಕಿ ಎಂದು ಮಾತ್ರ ತಿಳಿಯಬೇಡಿ.

ನಾಡಿದ್ದು ನಿಮ್ಮ ಪುರಸಭೆಯ ಸಭೆ. ದಿನಾ ಮನೆ ಬಾಗಿಲಿಗೆ ಬರುತ್ತಿದ್ದ ಕಸದ ಗಾಡಿ ಇನ್ನು ವಾರಕ್ಕೊಮ್ಮೆ ಬರುತ್ತದೆ ಎನ್ನುತ್ತಾರೆ. ಪಾರ್ಕಿನ ಮಾಲಿಗಳನ್ನು ಬಿಡಿಸುತ್ತಾರೆ. ನಡುವಿನ ದಿನಗಳ ಕಸವನ್ನು ಪಾರ್ಕಿನ ಬಡಗಣ ಮೂಲೆಯಲ್ಲಿ, ಗೋಡೆಯ ಹಿಂದೆ, ಬೇರೆ ಜಾಗ ಸಿಗುವವರೆಗೆ ಸುರಿಯಬಹುದು ಎನ್ನುತ್ತಾರೆ. ನಿಮಗೂ ಅನುಕೂಲವೇ: ಹಾಲು ತರಲು ಹೋಗುವಾಗ ಚೀಲ ಎಸೆದು ಬಂದರಾಯಿತು, ಗೋಡೆ ಇರುವುದರಿಂದ ಕಣ್ಣಿಗೂ ಬೀಳುವುದಿಲ್ಲ. ಆ ದಿನ ಯಾರೂ ತುಟಿ ಬಿಚ್ಚಲಿಲ್ಲವಂತೆ, ಕಾಫಿ ಕುಡಿದು ಎದ್ದರಂತೆ. ಬೇರೆ ಜಾಗ ಸಿಗಲೇ ಇಲ್ಲ. ಕಸ ಗೋಡೆ ಮೀರಿತು, ಮೇಲೆ ಮಣ್ಣು ಹೊದಿಸಿದರು, ಮಣ್ಣಿನ ಮೇಲೆ ಮತ್ತೆ ಸುರಿದರು. ಪಾರ್ಕು ಗುಡ್ಡವಾಯಿತು. ಗುಡ್ಡದ ರಸ ಇಳಿದು ಊರಿನ ಬಾವಿಗಳೆಲ್ಲ ಕೆಟ್ಟ ಮೇಲೆ ಅದನ್ನು ಅಗೆದು ತೆಗೆಯದೆ ಬೇರೆ ದಾರಿ ಉಳಿಯಲಿಲ್ಲ. ಅಗೆತ ಶುರುವಾದ ವರ್ಷದಿಂದಲೇ ನಾವು ಶಕೆ ಎಣಿಸುವುದು.

ನಿಮ್ಮ ಕಸದ ಗಾಡಿಯ ಹಾಡು ಇನ್ನೂ ಇದೆ. ಪದ ಮರೆತುಹೋಗಿದೆ, ರಾಗ ಉಳಿದಿದೆ. ನೀವು ಅದು ಕೇಳಿದೊಡನೆ ಬಕೆಟ್ಟು ಹಿಡಿದು ಓಡುತ್ತಿದ್ದಿರಿ, ನಾವು ಗುದ್ದಲಿ ಹಿಡಿದು ಓಡುತ್ತೇವೆ. ಹದಿಮೂರು ತುಂಬಿದ ಪ್ರತಿ ಮಗುವಿಗೂ ಗುಡ್ಡದ ಒಂದು ತುಂಡು ಚೀಟಿಯಲ್ಲಿ ಬರುತ್ತದೆ. ಅದಕ್ಕೆ ಪಾಲು ಎನ್ನುತ್ತೇವೆ. ಅಗೆದು, ಬೇರ್ಪಡಿಸಿ, ತೊಳೆದು ಮುಗಿಸುವ ತನಕ ಮದುವೆಯಿಲ್ಲ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದೇ "ಪಾಲು ಎಲ್ಲೀಗಂಟ ಬಂತು?" ಎಂದು. ನಮ್ಮ ಮನೆಗಳಲ್ಲಿ ಕಸದ ಬುಟ್ಟಿ ಎಂಬ ವಸ್ತುವಿಲ್ಲ. ಸಿಪ್ಪೆ ಹಿತ್ತಲಿನ ಮಡಕೆಗೆ ಹೋಗುತ್ತದೆ, ಹರಿದ ಬಟ್ಟೆ ಕೌದಿಗೆ. ನಿಮ್ಮ ಚೀಲಗಳು ಮಾತ್ರ ನಮಗೆ ಚೆನ್ನಾಗಿ ಗೊತ್ತು. ಮಕ್ಕಳ ಡೈಪರನ್ನೂ ದೇವರಿಗೇರಿಸಿದ ಹೂವನ್ನೂ ಒಂದೇ ಭಕ್ತಿಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಂಟು ಬಿಗಿದಿದ್ದೀರಿ. ಆ ಗಂಟು ಬಿಚ್ಚಿ ಬಿಚ್ಚಿ ನಮ್ಮ ಉಗುರುಗಳು ಸವೆದಿವೆ. ಹೋದ ವರ್ಷ ನನ್ನ ಮೊಮ್ಮಗಳು ಹೊನ್ನಿಗೆ, ಗುಡ್ಡದ ಬುಡದಲ್ಲಿ ಆಡುವಾಗ, ನಿಮ್ಮ ಪಾರ್ಕಿನ ಫಲಕ ಸಿಕ್ಕಿತು: ಹುಲ್ಲಿನ ಮೇಲೆ ನಡೆಯಬೇಡಿ. "ನಡೆದ್ರೆ ಹುಲ್ಲಿಗೆ ನೋಯ್ತಿತ್ತೇನಜ್ಜಿ?" ಎಂದು ಕೇಳಿದಳು. ಕಾಲಿಟ್ಟರೆ ಗದರುತ್ತಿದ್ದವರು ಕಸದ ಟ್ರ್ಯಾಕ್ಟರಿಗೆ ಗೇಟು ತೆರೆದರು ಎಂದು ಆ ಮಗುವಿಗೆ ಹೇಗೆ ಹೇಳಲಿ? ನನಗೆ ನಗು ಬಂತು, ಆಮೇಲೆ ನಿಮ್ಮ ಮೇಲೆ ಸಿಟ್ಟು ಬಂತು.

ಬಡಗಣ ಮೂಲೆಯ ಕಥೆಯೇ ಬೇರೆ. ಅಲ್ಲಿ ನೀವು ಕೆಟ್ಟ ಬ್ಯಾಟರಿ, ಔಷಧಿ, ಬಣ್ಣದ ಡಬ್ಬ, ಗುಡಿಸಲು ಆಳಿಲ್ಲದೆ ರಾಶಿಬಿದ್ದ ಒಣ ಎಲೆ ಎಲ್ಲ ಒಟ್ಟಿ ಬೆಂಕಿ ಹಚ್ಚಿದಿರಿ, ಆರುವ ಮೊದಲೇ ಮಣ್ಣು ಮುಚ್ಚಿದಿರಿ. ಅದು ಒಳಗೊಳಗೇ ಇವತ್ತಿಗೂ ಬೇಯುತ್ತಿದೆ. ಅದನ್ನು ಉರಿಪಾಲು ಎನ್ನುತ್ತೇವೆ. ದೇವೀರಮ್ಮನಿಗೆ ಬಂದದ್ದು ಅದೇ. ಮದುವೆಗೆಂದು ಒಮ್ಮೆ ವಿನಾಯಿತಿ ಕೊಟ್ಟರು, ಮಗು ಹುಟ್ಟಿದ ಮೇಲೆ ಮತ್ತೆ ಕರೆದರು. ಕೆಮ್ಮುತ್ತ ಕೆಮ್ಮುತ್ತ ಹೋಗಿಬಿಟ್ಟಳು, ಪಾಲು ಅರ್ಧಕ್ಕೇ ನಿಂತಿತು. ಮೊನ್ನೆ ಚೀಟಿ ಎತ್ತಿದಾಗ ಹೊನ್ನಿಗೂ ಅದೇ ಬಂತು. ಅವಳ ಬದಲು ನಾನು ಹೋಗುತ್ತೇನೆಂದು ಪಂಚರ ಕಾಲು ಹಿಡಿದೆ. ಮುದುಕಿಯ ಕೈಯಲ್ಲಿ ಆಗದು ಎಂದರು. ಹೊನ್ನಿ ನನ್ನ ರಟ್ಟೆ ಹಿಡಿದು ಎಬ್ಬಿಸಿ, "ಬುಡಜ್ಜಿ, ಅವ್ವ ಬುಟ್ಟಿರೋದು ನಾನೇ ಮುಗಿಸ್ತೀನಿ. ಇನ್ನೊಬ್ರ ಮಗೀಗ್ಯಾಕೆ?" ಎಂದಳು. ಆ ಮಾತು ಕೇಳಿದ ಸಂಜೆಯೇ ಕಾಗದ ಬರೆಯಲು ಕೂತೆ.

ನನ್ನದು ಬಹಳ ದೊಡ್ಡ ಬೇಡಿಕೆಯಲ್ಲ. ನಾಡಿದ್ದು ನಿಮ್ಮಲ್ಲಿ ಒಬ್ಬರಾದರೂ ಎದ್ದು ನಿಂತು, ಆ ಮೂಲೆ ಬೇಡ ಎನ್ನಿ. ಗಾಡಿ ದಿನಾ ಬರಲಿ, ಮಾಲಿಗಳು ಇರಲಿ ಎನ್ನಿ. ಪಕ್ಕದವರು ಅಂಗಿ ಜಗ್ಗುತ್ತಾರೆ, ಅಧ್ಯಕ್ಷರು ಮುಖ ಗಂಟಿಕ್ಕುತ್ತಾರೆ. ನಿಮ್ಮ ಮಾತು ನಡೆಯದಿದ್ದರೂ, ಅಲ್ಲಿ ಬೆಂಕಿ ಮಾತ್ರ ಹಚ್ಚಗೊಡಬೇಡಿ.

ಹೊನ್ನಿ ಮಲಗಿದ್ದಾಳೆ. ನಾಳೆ ಅವಳ ಮೊದಲ ದಿನ. ಬೆಳಿಗ್ಗೆ ಹಾಡು ಬರುವ ಹೊತ್ತಿಗೆ ನಾನು ಕಿಟಕಿ ತೆರೆಯುತ್ತೇನೆ. ನೀವು ಮಾತಾಡಿದ್ದರೆ ಅಲ್ಲಿ ಗುಡ್ಡ ಇರುವುದಿಲ್ಲ, ಹುಲ್ಲು ಇರುತ್ತದೆ. ದೇವೀರಮ್ಮ ಮಗಳನ್ನು ತಿಂಡಿಗೆ ಕೂಗುತ್ತಿರುತ್ತಾಳೆ. ಈ ಕಾಗದ ಬರೆದದ್ದೇ ನನಗೆ ನೆನಪಿರುವುದಿಲ್ಲ, ನಿಮ್ಮನ್ನು ಬೈದದ್ದೂ ಕೂಡ. ಮಾತಾಡದಿದ್ದರೆ ಹೊನ್ನಿಗೆ ಬುತ್ತಿ ಕಟ್ಟಬೇಕು. ರೊಟ್ಟಿಗೆ ಹಿಟ್ಟು ಈಗಲೇ ಕಲಸಿಟ್ಟಿದ್ದೇನೆ.