ಹೆಣ್ಣಿಲ್ಲದ ಕಪ್ಪೆ ಮದುವೆ

ಯೋಗಾನರಸಿಂಹ ಮೇಷ್ಟ್ರೇ,

ನೀವು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಮಳೆಗಾಗಿ ಊರವರು ಇವತ್ತು ಕಪ್ಪೆ ಮದುವೆ ಇಟ್ಟುಕೊಂಡಿದ್ದರು. ಗುಡ್ಡವೆಲ್ಲ ಜಾಲಾಡಿದರೂ ನೀವು ನಮಗೆ ಪಾಠ ಮಾಡುತ್ತಾ ತೋರಿಸುತ್ತಿದ್ದ ನೆಲಗಪ್ಪೆಗಳಲ್ಲಿ ಸಿಕ್ಕಿದ್ದು ಒಂದೇ ಒಂದು ಗಂಡು. ಅವು ಮೊಟ್ಟೆಯಿಡುತ್ತಿದ್ದ ಬಂಡೆಗುಂಡಿಗಳೆಲ್ಲ ಕಲ್ಲು ಕ್ವಾರಿಯ ದೂಳಿನಲ್ಲಿ ಮುಚ್ಚಿಹೋಗಿವೆ.

"ಎಣ್ಣಿಲ್ದೆ ಮದ್ವೆ ಎಂಗ್ಲಾ ಮಾಡಾದು?" ಎಂದು ಜಯಲಕ್ಷ್ಮಮ್ಮ ಅರಿಶಿನದ ಬಟ್ಟಲು ಹಿಡಿದೇ ನಿಂತರು.

"ಅರಿಶಿನ ಬಳೀಬ್ಯಾಡ ಕಣವ್ವ, ಅದು ಚರ್ಮದಲ್ಲೇ ಉಸಿರಾಡ್ತದೆ" ಎಂದೆ. ನಿಮ್ಮದೇ ಮಾತು.

ಮದುವೆ ನಿಂತಿತು. ಕಪ್ಪೆಯನ್ನು ನಾನೇ ಗುಡ್ಡಕ್ಕೆ ಬಿಟ್ಟು ಬಂದೆ.

ಕ್ವಾರಿ ಬೇಡವೆಂದು ನೀವು ಬರೆದ ಅರ್ಜಿಯನ್ನು ಊರವರ ಸಹಿ ಹಾಕಿಸಿ ಅರಕಲಗೂಡಿನ ತಾಲ್ಲೂಕು ಕಚೇರಿಗೆ ಒಯ್ಯಲು ನನಗೆ ಕೊಟ್ಟಿದ್ದಿರಿ. "ಕಪ್ಪೆಗೋಸ್ಕರ ಇಷ್ಟೊಂದಾ ಸಾ?" ಎಂದು ನಕ್ಕು ಬೀರುವಿನಲ್ಲಿಟ್ಟುಬಿಟ್ಟೆ.

ಇವತ್ತು ತೆಗೆದೆ. ಅದರಲ್ಲಿ ನಿಮ್ಮದೊಂದೇ ಸಹಿಯಿತ್ತು. ಕೆಳಗೆ ನನ್ನದು ಹಾಕಿದೆ.